ಮತ್ತೆ ಡಿಗ್ರಿ ಓದಬೇಕೆ? ಅರ್ಜಿಗೆ ಮೊದಲು ಹೆಸರು ಸರಿಮಾಡಿಸಿ

ಪಿಯುಸಿ ಮುಗಿಯುತ್ತಿದ್ದಂತೆ ಮದುವೆಯಾದವರು, ಗದ್ದೆಗಿಳಿದವರು, ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದವರು ಹತ್ತು–ಹದಿನೈದು ವರ್ಷದ ಮೇಲೆ ಡಿಗ್ರಿ ಓದಲು ಮನಸ್ಸು ಮಾಡುತ್ತಾರೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಡೆ ಇಂಥವರು ಪ್ರತಿ ವರ್ಷ ಸಿಗುತ್ತಾರೆ. ಅವರಲ್ಲಿ ಹಲವರು ಪ್ರವೇಶದ ಕೊನೆಯ ವಾರದಲ್ಲಿ ಅರ್ಜಿ ತುಂಬಲು ಕೂತು, ಅಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತಾರೆ.

ದಿನವೂ ಕಾಲೇಜಿಗೆ ಹೋಗಬಲ್ಲವರು ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ವಿಚಾರಿಸಿ. ಆಗದವರಿಗೆ ಮೈಸೂರಿನ ಮುಕ್ತಗಂಗೋತ್ರಿಯಲ್ಲಿರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. 1996ರಲ್ಲಿ ಶುರುವಾದ ಇದಕ್ಕೆ 2013ರ ನಂತರ ಕೆಲವು ವರ್ಷ ಯುಜಿಸಿ ಮಾನ್ಯತೆ ಇರಲಿಲ್ಲ. 2018-19ರಿಂದ ಮತ್ತೆ ಸಿಕ್ಕಿದೆ. ಹಳೆಯ ಸುದ್ದಿ ಹಿಡಿದು ಹೆದರಿಸುವವರ ಮಾತು ಬಿಡಿ. ಪ್ರವೇಶ ವರ್ಷಕ್ಕೆ ಎರಡು ಸಲ: ಜುಲೈ ಆವೃತ್ತಿ, ಜನವರಿ ಆವೃತ್ತಿ.

ಹೆಜ್ಜೆ 1: ಅಂಕಪಟ್ಟಿ ಹುಡುಕಿ

ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಮೂಲ ಅಂಕಪಟ್ಟಿಗಳು ಬೇಕು. ಕಳೆದಿದ್ದರೆ ಓದಿದ ಶಾಲೆ ಅಥವಾ ಕಾಲೇಜಿಗೆ ಹೋಗಿ, ಮುಖ್ಯಸ್ಥರ ಮೂಲಕ ಮಂಡಳಿಗೆ ನಕಲು ಪ್ರತಿಗೆ ಅರ್ಜಿ ಹಾಕಿ. ಇದಕ್ಕೆ ದಿನ ಹಿಡಿಯುತ್ತದೆ, ಇವತ್ತೇ ಹೊರಡಿ. ಪಿಯುಸಿಯಲ್ಲಿ ವಿಷಯ ಉಳಿದಿದ್ದರೆ ಮೊದಲು ಅದನ್ನು ಪಾಸು ಮಾಡಿಕೊಳ್ಳಬೇಕು.

ಹೆಜ್ಜೆ 2: ಹೆಸರು ಹೋಲಿಸಿ

ಇಲ್ಲಿ ಸ್ವಲ್ಪ ನಿಧಾನಿಸಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೂ ಆಧಾರ್ ಕಾರ್ಡನ್ನೂ ಪಕ್ಕಪಕ್ಕ ಇಟ್ಟು, ಇಂಗ್ಲಿಷಿನಲ್ಲಿರುವ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿ.

ನಮ್ಮ ಮಂಡ್ಯ ಜಿಲ್ಲೆಯಲ್ಲಿ ಹೆಸರಿನ ಇನಿಷಿಯಲ್ಲಿಗೆ ಊರಿನ ಅಕ್ಷರ, ಅಪ್ಪನ ಅಕ್ಷರ ಸೇರಿಸುವುದು ರೂಢಿ. ಚಿನಕುರಳಿಯ ಕೆಂಪೇಗೌಡರ ಮಗಳು ಶಾಲೆಯಲ್ಲಿ ‘ಸವಿತಾ ಸಿ.ಕೆ.’ ಎಂದಿಟ್ಟುಕೊಳ್ಳಿ. ಮದುವೆಯಾದ ಮೇಲೆ ಮಾಡಿಸಿದ ಆಧಾರ್‌ನಲ್ಲಿ ಬರೀ ‘ಸವಿತಾ’ ಅಥವಾ ಗಂಡನ ಹೆಸರು ಸೇರಿ ‘ಸವಿತಾ ಮಂಜೇಗೌಡ’ ಆಗಿರುತ್ತಾಳೆ. ಮನೆಯವರಿಗೆ ಇಬ್ಬರೂ ಒಬ್ಬಳೇ. ಕಂಪ್ಯೂಟರಿಗೆ ಬೇರೆ ಬೇರೆ ಹೆಂಗಸರು. ಹುಟ್ಟಿದ ದಿನವೂ ಹೀಗೆಯೇ. ದಿನಾಂಕ ಗೊತ್ತಿಲ್ಲದೆ ಜನವರಿ 1 ಎಂದು ಬರೆಸಿದ ಆಧಾರ್‌ಗಳು ಹಳ್ಳಿಗಳಲ್ಲಿ ಬೇಕಾದಷ್ಟಿವೆ.

ಸರಿಪಡಿಸಬೇಕಾದದ್ದು ಆಧಾರನ್ನು. ಓದಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೇ ಬುಡ; ಅದರ ಮೇಲೆ ಪಿಯುಸಿ, ಪದವಿ, ನಾಳೆ ಕೆಲಸದ ಅರ್ಜಿ ಎಲ್ಲವೂ ನಿಲ್ಲುತ್ತವೆ. ಆಧಾರ್ ಸೇವಾ ಕೇಂದ್ರದಲ್ಲಿ ಯಾವ ದಾಖಲೆ ಒಪ್ಪುತ್ತಾರೆಂದು ಕೇಳಿ, ಅಂಕಪಟ್ಟಿಯಲ್ಲಿರುವಂತೆಯೇ ತಿದ್ದಿಸಿ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ 2 ಸಲ, ಹುಟ್ಟಿದ ದಿನಾಂಕವನ್ನು 1 ಸಲ ಮಾತ್ರ ಸಾಮಾನ್ಯವಾಗಿ ಬದಲಿಸಬಹುದು. ಆದ್ದರಿಂದ ರಸೀದಿ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಕಾಗುಣಿತ ಓದಿ, ತಪ್ಪಿದ್ದರೆ ಹೇಳಿ. ಸದ್ಯ ಬಳಸುವ ಮೊಬೈಲ್ ನಂಬರನ್ನೂ ಅದೇ ದಿನ ಜೋಡಿಸಿ.

ಗಂಡನ ಹೆಸರು ತೆಗೆಸಿದರೆ ಪಡಿತರ ಚೀಟಿ ಹೋಗುತ್ತದೆ ಎಂದು ಮನೆಯಲ್ಲಿ ಹೆದರಿಸಬಹುದು. ಆಧಾರ್ ನಂಬರ್ ಬದಲಾಗುವುದಿಲ್ಲ, ವಿಳಾಸವೂ ಹಾಗೆಯೇ ಇರುತ್ತದೆ. ಆಮೇಲೆ ಬ್ಯಾಂಕಿನಲ್ಲೂ ಹೊಸ ಆಧಾರ್ ಕೊಟ್ಟು ಹೆಸರು ಹೊಂದಿಸಿಕೊಳ್ಳಿ. ಓದಿಗೆಂದು ನಿಮ್ಮ ಹೆಸರು ನಿಮಗೆ ವಾಪಸು ಬರುವುದರಲ್ಲಿ ಯಾವ ತಪ್ಪೂ ಇಲ್ಲ ಎಂದೇ ನನ್ನ ಅಭಿಪ್ರಾಯ.

ಹೆಜ್ಜೆ 3: ಎರಡು ಐಡಿ

ತಿದ್ದುಪಡಿ ಆಧಾರ್‌ನಲ್ಲಿ ಕಾಣಿಸಿದ ಮೇಲಷ್ಟೇ ಡಿಜಿಲಾಕರ್ ತೆರೆದು ಎಬಿಸಿ ಐಡಿ ಮಾಡಿಕೊಳ್ಳಿ. ಇದು 12 ಅಂಕಿಯದು. ಅಪಾರ್ ಎಂದೂ ಕರೆಯುತ್ತಾರೆ. ಅದನ್ನು ಬಳಸಿ ಯುಜಿಸಿಯ ದೂರಶಿಕ್ಷಣ ಪೋರ್ಟಲ್‌ನಲ್ಲಿ ಡೆಬ್ ಐಡಿ ಪಡೆಯಿರಿ. 2024ರಿಂದ ದೂರಶಿಕ್ಷಣದ ಪ್ರವೇಶಕ್ಕೆ ಇವೆರಡೂ ಕಡ್ಡಾಯ. ಹೆಸರು ತಪ್ಪಿರುವಾಗಲೇ ಅವಸರಪಟ್ಟು ಐಡಿ ಮಾಡಿಸಿದರೆ ತಪ್ಪು ಮೂರು ಕಡೆ ಹರಡುತ್ತದೆ.

ಹೆಜ್ಜೆ 4: ಅರ್ಜಿ

ವಿಶ್ವವಿದ್ಯಾನಿಲಯದ ಪೋರ್ಟಲ್‌ನಲ್ಲೇ ಅರ್ಜಿ ತುಂಬಿ, ಅಲ್ಲೇ ಶುಲ್ಕ ಕಟ್ಟಿ. ಸೈಬರ್ ಸೆಂಟರಿನವರ ನೆರವು ಪಡೆಯಿರಿ, ಆದರೆ ಮೊಬೈಲ್ ನಂಬರ್, ಇ-ಮೇಲ್ ನಿಮ್ಮದೇ ಕೊಡಿ. ಇಲ್ಲದಿದ್ದರೆ ಪರೀಕ್ಷೆಯ ಸಂದೇಶ ಅಂಗಡಿಯವರಿಗೆ ಹೋಗುತ್ತದೆ. ಪಾಸ್‌ವರ್ಡ್ ಪುಸ್ತಕದಲ್ಲಿ ಬರೆದಿಡಿ. ಜಾತಿ, ಆದಾಯ ಪ್ರಮಾಣಪತ್ರ ಬೇಕಾದವರು ನಾಡಕಚೇರಿಗೆ ಮೊದಲೇ ಅರ್ಜಿ ಕೊಟ್ಟಿರಿ.

ಸಂಶಯವಿದ್ದರೆ ನೇರವಾಗಿ ಹೋಗಿ ಕೇಳಿ. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಮೈಸೂರು ಹತ್ತಿರ. ನಾಗಮಂಗಲದವರಿಗೆ ಮಂಡ್ಯದ ಪ್ರಾದೇಶಿಕ ಕೇಂದ್ರ ಅನುಕೂಲ. ಕೆ.ಆರ್.ಪೇಟೆ ಕಡೆಯವರು ಅಕ್ಕಿಹೆಬ್ಬಾಳಿನಲ್ಲಿ ಮೈಸೂರು ರೈಲು ಹಿಡಿಯಬಹುದು.

ನೆನಪಿಡಿ

- ‘ಒಂದೇ ವರ್ಷದಲ್ಲಿ ಡಿಗ್ರಿ’ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.
- ಎಂಜಿನಿಯರಿಂಗ್, ನರ್ಸಿಂಗ್, ಕಾನೂನು ಪದವಿಗಳನ್ನು ದೂರಶಿಕ್ಷಣದಲ್ಲಿ ಕೊಡುವಂತಿಲ್ಲ.
- ಪ್ರವೇಶವಾದ ಮೇಲೆ ಅಸೈನ್‌ಮೆಂಟ್ ಮತ್ತು ಪರೀಕ್ಷಾ ಶುಲ್ಕದ ಕೊನೆಯ ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.