ಹದಿನೆಂಟು ತುಂಬುವ ಮೊದಲು ಹೋಗು

ತಮ್ಮಾ,

ನಿನ್ನ ಹೆಸರು, ಊರು, ಕಾಲೇಜು ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ನಿನ್ನಂಥ ಮಕ್ಕಳ ಗುರುತು ಪತ್ರಿಕೆಯಲ್ಲಿ ಬರಕೂಡದು ಎಂದು ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತದೆ, ಅದು ಸರಿಯಾಗಿಯೇ ಇದೆ. ಆದರೂ ಈ ಕಾಗದವನ್ನು ನಾಲ್ಕು ಜನ ಓದುವ ಹಾಗೆ ಬರೆಯುವುದಕ್ಕೆ ಕಾರಣವಿದೆ. ನಿನ್ನ ಹಾಗೆ ಇರುವವನು ನೀನೊಬ್ಬನೇ ಅಲ್ಲ. ರಾಯಚೂರು, ಕೊಪ್ಪಳ, ಯಾದಗಿರಿ ಕಡೆ ಪಿಯು ಕಾಲೇಜಿನಲ್ಲಿ ಪಾಠ ಮಾಡಿದ ಯಾರನ್ನೇ ಕೇಳು, ಕೊನೆಯ ಬೆಂಚಿನಲ್ಲಿ ನಿದ್ದೆಗಣ್ಣಲ್ಲಿ ಕೂತಿರುತ್ತಿದ್ದ ಒಬ್ಬಿಬ್ಬರ ಮುಖ ಅವರಿಗೆ ನೆನಪಾಗುತ್ತದೆ. ಅಪ್ಪ ಅಮ್ಮ ಗುಳೆ ಹೋಗಿರುತ್ತಾರೆ, ಅಥವಾ ಇರುವುದೇ ಇಲ್ಲ. ಮನೆಯ ಬಾಡಿಗೆ ಕಟ್ಟುವವರಿಲ್ಲದೆ ಮನೆಯೂ ಹೋಗಿರುತ್ತದೆ. ಹುಡುಗ ಮಾತ್ರ ದಿನಾ ಬ್ಯಾಗು ಹಾಕಿಕೊಂಡು ಬರುತ್ತಿರುತ್ತಾನೆ.

ಹೋದ ತಿಂಗಳು ನೀನು ಅಂಗಿಯ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ವಿದ್ಯಾರ್ಥಿವೇತನದ ಕಾಗದ ತೆಗೆದು ನನ್ನ ಮುಂದೆ ಇಟ್ಟೆಯಲ್ಲ, ಅದು ಇನ್ನೂ ಕಣ್ಣ ಮುಂದಿದೆ. ತಂದೆಯ ಆಧಾರ್ ಸಂಖ್ಯೆ ಖಾಲಿ. ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು ಖಾಲಿ. ಪೋಷಕರ ಸಹಿ ಇರಬೇಕಾದಲ್ಲಿ ಪೆನ್ಸಿಲಿನಲ್ಲಿ ಏನೋ ಬರೆದು ಉಜ್ಜಿ ಅಳಿಸಿದ ಕಲೆ. "ಹೋಟೆಲ್ ಸಾವ್ಕಾರರ ಸಹಿ ಹಾಕಿಸಿದ್ರ ನಡೀತದೇನ್ರಿ ಟೀಚರ್?" ಎಂದು ನೀನು ಕೇಳಿದೆ. ನೀನು ಕೆಲಸ ಮಾಡಿಕೊಂಡು ಅಟ್ಟದ ಮೇಲೆ ಮಲಗುವ ಹೋಟೆಲಿನವರು ಅವರು.

ನಡೆಯುವುದಿಲ್ಲ. ಆದರೆ ನಿನ್ನ ಪ್ರಶ್ನೆ ಸರಿಯಾದ ಜಾಗಕ್ಕೇ ಕೈ ಹಾಕಿದೆ. ಕಾಯ್ದೆಯ ಪ್ರಕಾರ ಹೆತ್ತವರಲ್ಲದ ಒಬ್ಬರು ಪೋಷಕರಾಗಬಹುದು. ಆದರೆ ಆ ಮಗು ನಿಜವಾಗಿ ಅವರ ಆಸರೆಯಲ್ಲಿದೆ ಎಂದು ಮಕ್ಕಳ ಕಲ್ಯಾಣ ಸಮಿತಿ ಒಪ್ಪಿರಬೇಕು. ನಿನ್ನ ಎಲ್ಲಾ ಅರ್ಜಿಗಳೂ ನಿಂತಿರುವುದು ಇಲ್ಲೇ. ನಿನಗೆ ಬೇಕಿರುವುದು ಯಾರದೋ ಒಂದು ಸಹಿಯಲ್ಲ, ಆ ಸಮಿತಿಯ ಒಂದು ಆದೇಶ.

ಸಮಿತಿಯ ಹೆಸರು ಕೇಳಿದ ಕೂಡಲೇ ನಿನ್ನ ಮುಖ ಬಾಡಿದ್ದನ್ನು ನೋಡಿದ್ದೇನೆ. ಬಾಲಮಂದಿರಕ್ಕೆ ಹಾಕುತ್ತಾರೆ, ಕಾಲೇಜು ಬಿಡಿಸುತ್ತಾರೆ, ಗೇಟಿಗೆ ಬೀಗ ಹಾಕಿಡುತ್ತಾರೆ ಎಂದು ಯಾರೋ ಹೆದರಿಸಿದ್ದಾರೆ. ತಪ್ಪು ಮಾಡಿದವರನ್ನು ಮಾತ್ರ ಅಲ್ಲಿಗೆ ಕರೆದೊಯ್ಯುತ್ತಾರೆ ಎಂದೂ ನೀನು ತಿಳಿದಂತಿದೆ. ಹಾಗಲ್ಲ ಕಣಪ್ಪ. ಕಾನೂನಿನ ತಂಟೆಗೆ ಸಿಕ್ಕ ಮಕ್ಕಳನ್ನು ನೋಡುವುದು ಬಾಲನ್ಯಾಯ ಮಂಡಳಿ, ಅದೇ ಬೇರೆ. ಮಕ್ಕಳ ಕಲ್ಯಾಣ ಸಮಿತಿ ಇರುವುದು ಮನೆಯಿಲ್ಲದ, ನೋಡಿಕೊಳ್ಳುವವರಿಲ್ಲದ ಮಕ್ಕಳಿಗಾಗಿ. ಅಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು ಇರುತ್ತಾರೆ, ಸದಸ್ಯರಲ್ಲಿ ಒಬ್ಬ ಮಹಿಳೆಯಾದರೂ ಇರಲೇಬೇಕು. ತಿಂಗಳಿಗೆ ಕನಿಷ್ಠ 20 ದಿನ ಅವರು ಸೇರಬೇಕು. ಅವರಿಗೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ, ಆದ್ದರಿಂದಲೇ ಅವರು ಕೊಟ್ಟ ಕಾಗದಕ್ಕೆ ಬೇರೆ ಕಚೇರಿಗಳಲ್ಲಿ ತೂಕ. ಇನ್ನೊಂದು ಮಾತು: ಮಗುವನ್ನು ಸಮಿತಿಯ ಮುಂದೆ ಯಾರು ಯಾರು ಹಾಜರುಪಡಿಸಬಹುದು ಎಂದು ಕಾಯ್ದೆಯ 31ನೇ ಕಲಂ ಪಟ್ಟಿ ಕೊಡುತ್ತದೆ. ಪೊಲೀಸರು, ಸಹಾಯವಾಣಿಯವರು, ಸಮಾಜ ಕಾರ್ಯಕರ್ತರು ಎಂದೆಲ್ಲ ಇರುವ ಆ ಪಟ್ಟಿಯಲ್ಲಿ ಸ್ವತಃ ಆ ಮಗುವೂ ಇದೆ. ಯಾರೂ ನಿನ್ನನ್ನು ಹಿಡಿದು ತರಬೇಕಿಲ್ಲ. ನೀನೇ ನಡೆದು ಹೋಗಬಹುದು.

ಈಗ ಅವಸರದ ಮಾತಿಗೆ ಬರುತ್ತೇನೆ. ನಮ್ಮ ಸರ್ಕಾರದ ಸೌಲಭ್ಯಗಳು ವಯಸ್ಸು ನೋಡಿ ಒಂದೊಂದಾಗಿ ಬಾಗಿಲು ಹಾಕಿಕೊಳ್ಳುತ್ತವೆ. ಕಡ್ಡಾಯ ಶಿಕ್ಷಣದ ಹಕ್ಕು 6ರಿಂದ 14 ವರ್ಷದವರೆಗೆ, ಅದು ಮುಗಿಯಿತು. ಮಧ್ಯಾಹ್ನದ ಬಿಸಿಯೂಟ 10ನೇ ತರಗತಿಗೆ ನಿಂತಿತು. ಹದಿನಾರರ ಹುಡುಗನಿಗೆ ಹಸಿವು ಕಡಿಮೆಯಾಗುತ್ತದೆ ಎಂದು ಯಾರು ಅಂದುಕೊಂಡರೋ, ನನಗೆ ಇಂದಿಗೂ ಅದು ಸಂಕಟದ ವಿಷಯ. ಉಳಿದಿರುವುದು ಬಾಲನ್ಯಾಯ ಕಾಯ್ದೆ, ಅದು ಹದಿನೆಂಟರವರೆಗೆ. ನಿನಗೆ ಈಗಾಗಲೇ ಹದಿನೇಳು ದಾಟಿದೆ.

ಹದಿನೆಂಟಾದ ಮೇಲೆ ಏನೂ ಇಲ್ಲವೇ ಎಂದರೆ, ಇದೆ. ಅದಕ್ಕೆ ಅನುಪಾಲನೆ ಎನ್ನುತ್ತಾರೆ. 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ, ಓದಿಗೋ ತರಬೇತಿಗೋ ಆಸರೆ ಕೊಡುವ ವ್ಯವಸ್ಥೆ ಅದು. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅದಕ್ಕೆ ತಿಂಗಳಿಗೆ 4,000 ರೂಪಾಯಿ ಗೊತ್ತು ಮಾಡಿದ್ದಾರೆ. ಆದರೆ 46ನೇ ಕಲಂ ಓದಿ ನೋಡು: ಹದಿನೆಂಟು ತುಂಬಿ ಮಕ್ಕಳ ಪಾಲನಾ ಸಂಸ್ಥೆಯಿಂದ ಹೊರಗೆ ಬರುವವರಿಗೆ ಎಂದಿದೆ. ಯಾರ ಲೆಕ್ಕಕ್ಕೂ ಸಿಗದೆ, ಅಟ್ಟದ ಮೇಲೆ ಮಲಗಿ, ಒಂಟಿಯಾಗಿ ಹದಿನೆಂಟು ದಾಟಿದವನ ಮಾತು ಅದರಲ್ಲಿಲ್ಲ. ಇದು ಅನ್ಯಾಯ. ತಾನೇ ಕಷ್ಟಪಟ್ಟು ನಿಂತವನಿಗೆ ಇನ್ನೂ ಕಡಿಮೆ ಸಿಗುವಂತೆ ಮಾಡುವ ಕಾನೂನನ್ನು ತಿದ್ದಬೇಕು, ಅದಕ್ಕಾಗಿ ಬರೆಯುವವರು ಬರೆಯುತ್ತಿರಬೇಕು. ಆದರೆ ಅದು ತಿದ್ದುಪಡಿಯಾಗುವವರೆಗೆ ನಿನ್ನ ಹುಟ್ಟಿದ ದಿನ ಕಾಯುವುದಿಲ್ಲ.

ಸಮಿತಿ ಏನು ಮಾಡುತ್ತದೆ? ಮೊದಲು ನಿನ್ನ ಮಾತು ಕೇಳುತ್ತದೆ. ಕೇಳಲೇಬೇಕು, ಮಗುವಿನ ಅಭಿಪ್ರಾಯಕ್ಕೆ ಕಾಯ್ದೆಯಲ್ಲೇ ಜಾಗವಿದೆ. ಸಮಾಜ ಕಾರ್ಯಕರ್ತರು ನಿನ್ನ ಮನೆತನ, ನೆಂಟರು, ಓದು ಎಲ್ಲಾ ವಿಚಾರಿಸಿ 15 ದಿನದೊಳಗೆ ವರದಿ ಕೊಡಬೇಕು. ಆಮೇಲೆ ಆದೇಶ. ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ ಎಂಬುದೂ ಕಾಯ್ದೆಯ ಮೂಲತತ್ವಗಳಲ್ಲಿ ಒಂದು. ನಿನ್ನ ಚಿಕ್ಕಮ್ಮ ಇಟ್ಟುಕೊಳ್ಳಲು ಒಪ್ಪಿದರೆ, ಅವರ ಮನೆಯ ವರ್ಷದ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ದಾಟದಿದ್ದರೆ, ಅದೇ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಡಿ ತಿಂಗಳಿಗೆ 4,000 ರೂಪಾಯಿ ಕೇಳಬಹುದು. ಆದರೆ ಅದು ನಿನ್ನ ಹದಿನೆಂಟಕ್ಕೆ ನಿಲ್ಲುತ್ತದೆ, ಅಂದರೆ ಕೆಲವೇ ತಿಂಗಳು.

ನನ್ನನ್ನು ಕೇಳಿದರೆ, ಚಿಕ್ಕಮ್ಮನ ಮನೆಯಲ್ಲಿ ನಿನಗೆ ನಿಜವಾಗಿ ಜಾಗವಿದ್ದರೆ ಅಲ್ಲಿಗೇ ಹೋಗು, ದುಡ್ಡಿನ ಲೆಕ್ಕ ನೋಡಬೇಡ. ರಕ್ತಸಂಬಂಧದವರ ಮನೆಯಲ್ಲಿ ಒಂದು ತಟ್ಟೆ ನಿನ್ನದು ಎಂದಿರುವುದು ದೊಡ್ಡದು. ಆದರೆ ಹೋದಸಲ ಹಬ್ಬಕ್ಕೆ ಹೋಗಿ ಮರುದಿನವೇ ವಾಪಸು ಬಂದೆಯಲ್ಲ, ಯಾಕೆಂದು ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಲ್ಲಿ ಇರಲಾಗದು ಎಂದಾದರೆ ಬಾಲಮಂದಿರ ಅಂದರೆ ಹೆದರಬೇಡ. ಅಲ್ಲಿಂದ ಕಾಲೇಜಿಗೆ ಹೋಗಿ ಬರುವ ಮಕ್ಕಳಿದ್ದಾರೆ. ಶಿಸ್ತು ಬಿಗಿ, ಗಂಟೆ ಹೊಡೆದಾಗ ಏಳಬೇಕು, ಬೆಳಿಗ್ಗೆಯ ಉಪ್ಪಿಟ್ಟಿಗೆ ಸಾಲು ನಿಲ್ಲಬೇಕು. ಅಷ್ಟು ದಿನ ಸ್ವಂತ ಮನಸ್ಸಿನಂತೆ ಇದ್ದವನಿಗೆ ಉಸಿರು ಕಟ್ಟಿದಂತೆ ಆಗುವುದು ಸಹಜ. ಆದರೂ ರಾತ್ರಿ ಓದಲು ಬೆಳಕಿರುತ್ತದೆ, ಹದಿನೆಂಟರ ನಂತರದ ಅನುಪಾಲನೆಗೆ ದಾರಿ ತೆರೆದಿರುತ್ತದೆ.

ಹೋಟೆಲಿನ ವಿಷಯ. ಸಾವ್ಕಾರರು ಮಲಗಲು ಜಾಗ ಕೊಟ್ಟಿದ್ದಾರೆ, ಊಟ ಹಾಕಿದ್ದಾರೆ, ಆ ಉಪಕಾರ ನೆನೆಯಬೇಕು. ಆದರೆ ರಾತ್ರಿ ಹನ್ನೊಂದರವರೆಗೆ ಲೋಟ ತೊಳೆಸುವುದು ಉಪಕಾರಕ್ಕೆ ಸೇರುವುದಿಲ್ಲ. 14ರಿಂದ 18ರೊಳಗಿನವರಿಂದ ಸಂಜೆ 7ರ ನಂತರ, ಬೆಳಿಗ್ಗೆ 8ಕ್ಕೆ ಮುಂಚೆ ಕೆಲಸ ಮಾಡಿಸುವಂತಿಲ್ಲ. ದಿನಕ್ಕೆ ಆರು ಗಂಟೆ ಮೀರುವಂತಿಲ್ಲ, ಬಿಡುವು ಸೇರಿ. ಜಗಳ ಮಾಡು ಎನ್ನುತ್ತಿಲ್ಲ, ಮಲಗುವ ಜಾಗ ಹೋದೀತೆಂಬ ನಿನ್ನ ಭಯ ನನಗೆ ಗೊತ್ತು. ಅದಕ್ಕೇ ಮೊದಲು ಸಮಿತಿಗೆ ಹೋಗು ಎನ್ನುವುದು. ಸಂಬಳವನ್ನು ಮಾತ್ರ ಅವರ ಹತ್ತಿರ ಇಡಬೇಡ. ಹತ್ತು ವರ್ಷ ದಾಟಿದ ಮಕ್ಕಳು ತಮ್ಮ ಹೆಸರಲ್ಲೇ ಉಳಿತಾಯ ಖಾತೆ ತೆರೆದು ನಡೆಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ, ಬ್ಯಾಂಕಿನಲ್ಲಿ ಕೇಳು.

ಆ ಜೆರಾಕ್ಸ್ ಅಂಗಡಿಯವನ ಮಾತು ನಂಬಬೇಡ. ಅನಾಥರಿಗೆ ಹತ್ತು ಲಕ್ಷ ಬರುತ್ತದೆ, ಎರಡು ಸಾವಿರ ಕೊಟ್ಟರೆ ಮಾಡಿಸಿಕೊಡುತ್ತೇನೆ ಎಂದನಲ್ಲ. ಹತ್ತು ಲಕ್ಷದ ಪಿಎಂ ಕೇರ್ಸ್ ಯೋಜನೆ 2021ರಲ್ಲಿ ಕೋವಿಡ್ ಕಾಲದಲ್ಲಿ ತಂದೆ ತಾಯಿ ಇಬ್ಬರನ್ನೂ, ಇಲ್ಲವೇ ಉಳಿದಿದ್ದ ಒಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ಮಾಡಿದ್ದು. ನಿನ್ನ ತಾಯಿ ಹೋದದ್ದು ಅದಕ್ಕೂ ಮೊದಲು. ಅಪ್ಪ ಎಲ್ಲಿದ್ದಾರೋ ತಿಳಿಯದು, ಆದರೆ ಇದ್ದಾರೆ. ನಿನಗೆ ಸಲ್ಲಬೇಕಾದದ್ದಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ.

ನಿನ್ನ ತರಗತಿಯಲ್ಲಿ ಇದೇ ಸ್ಥಿತಿಯ ಹೆಣ್ಣುಮಗಳು ಯಾರಾದರೂ ಇದ್ದರೆ ಅವಳಿಗೂ ಇದನ್ನು ಓದಿಸು. ನೋಡಿಕೊಳ್ಳುವವರಿಲ್ಲ ಎಂದು ನೆಂಟರು ಅವಸರದಲ್ಲಿ ಮದುವೆ ಮಾಡಲು ಹೊರಟರೆ, ಅದೊಂದೇ ಕಾರಣಕ್ಕೂ ಅವಳು ಸಮಿತಿಯ ರಕ್ಷಣೆ ಕೇಳಬಹುದು. 1098ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕಾಸಿಲ್ಲ.

ಡಿಗ್ರಿಗೆ ಸೇರುವಾಗ ಮೆಟ್ರಿಕ್ ನಂತರದ ಹಾಸ್ಟೆಲ್ ಇದೆ. ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆಗಳು ನಡೆಸುತ್ತವೆ, ಅಲ್ಲಿ ಹದಿನೆಂಟರ ಗೆರೆಯಿಲ್ಲ. ಆದರೆ ಜಾತಿ, ಆದಾಯ ಪ್ರಮಾಣಪತ್ರ ಬೇಕು. ನಾಡಕಚೇರಿಯಲ್ಲಿ ಅಪ್ಪನನ್ನು ಕರೆದುಕೊಂಡು ಬಾ ಎಂದಾಗ ತೋರಿಸಲು ಸಮಿತಿಯ ಆದೇಶ ನಿನ್ನ ಕೈಯಲ್ಲಿರಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೂ ಜಾತಿ ನಮೂದಾಗಿರುವ ಹಳೆಯ ಶಾಲೆಯ ಟಿಸಿ ಪ್ರತಿಯನ್ನೂ ಅಟ್ಟದ ಮೇಲಿನ ಆ ಟ್ರಂಕಿನಲ್ಲಿ ಬಿಡಬೇಡ, ಮಳೆ ನೀರು ಸೋರುತ್ತದೆ ಎಂದು ನೀನೇ ಹೇಳಿದ್ದೆ. ಕಾಲೇಜಿನ ಗ್ರಂಥಪಾಲಕರಿಗೆ ಒಂದು ಕವರಿನಲ್ಲಿ ಹಾಕಿ ಕೊಡು, ನಾನು ಅವರಿಗೆ ಹೇಳಿದ್ದೇನೆ.

ಅರ್ಜಿ ಉದ್ದ ಬೇಡ, ಹೀಗೆ ಬರೆ: "ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು, ಮಕ್ಕಳ ಕಲ್ಯಾಣ ಸಮಿತಿ ಇವರಿಗೆ. ನನಗೆ 17 ವರ್ಷ. ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ತಾಯಿ ತೀರಿಕೊಂಡಿದ್ದಾರೆ. ತಂದೆ ಎಲ್ಲಿದ್ದಾರೆಂದು ತಿಳಿದಿಲ್ಲ. ನನಗೆ ಮನೆ ಇಲ್ಲ, ನೋಡಿಕೊಳ್ಳುವವರಿಲ್ಲ. ಓದು ಮುಂದುವರಿಸಲು ವಸತಿ ಮತ್ತು ರಕ್ಷಣೆ ಕೊಡಿಸಬೇಕೆಂದು, ಆದೇಶದ ಪ್ರತಿಯನ್ನು ನನಗೆ ಕೊಡಬೇಕೆಂದು ಕೋರುತ್ತೇನೆ." ಕೆಳಗೆ ಸಹಿ, ತಾರೀಖು. ಕೊನೆಯ ಸಾಲನ್ನು ಮರೆಯಬೇಡ. ಎರಡು ಪ್ರತಿ ಮಾಡಿ ಒಂದರ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊ. ಪ್ರಾಚಾರ್ಯರಿಂದ ವ್ಯಾಸಂಗ ಪ್ರಮಾಣಪತ್ರ ಲಗತ್ತಿಸು. ನಾಳೆ ಬಾ, ನಾಡಿದ್ದು ಬಾ ಎಂದು ಅಲೆದಾಡಿಸಿದರೆ ಜಿಲ್ಲಾಧಿಕಾರಿಗಳಿಗೆ ದೂರು ಕೊಡಬಹುದು. ಸಮಿತಿಯ ಕೆಲಸದ ಬಗ್ಗೆ ಮಗುವೇ ದೂರು ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ.

ಒಬ್ಬನೇ ಹೋಗಲು ಹಿಂಜರಿಕೆಯಾದರೆ ನಾನು ಬರುತ್ತೇನೆ. ಈ ವಾರ ಯಾವ ದಿನ ನಿನಗೆ ಬಿಡುವೆಂದು ತಿಳಿಸು, ಬೆಳಗಿನ ಬಸ್ಸಿಗೆ ಹೊರಟರೆ ಕಚೇರಿ ತೆರೆಯುವ ಹೊತ್ತಿಗೆ ಅಲ್ಲಿರಬಹುದು.

ನಿನ್ನ ಟೀಚರ್