ರುಚಿ ನೋಡದೆ ಪಾಯಸದ ಸಿಹಿ

ನೈವೇದ್ಯದ ಪಾಯಸವನ್ನು ದೇವರಿಗೆ ಅರ್ಪಿಸುವ ಮುನ್ನ ಯಾರೂ ರುಚಿ ನೋಡುವಂತಿಲ್ಲ. ಊರಿನಲ್ಲಿ ಅಜ್ಜಿಯಂದಿರು ಕಣ್ಣಳತೆಯಲ್ಲೇ ಸಿಹಿ ಹದ ಮಾಡುತ್ತಿದ್ದರು. ಲಂಡನ್ನಿಗೆ ಬಂದ ಮೇಲೆ ಅಡುಗೆ ಕಲಿತ ನಮ್ಮಂಥವರಿಗೆ ಡಿಜಿಟಲ್ ತಕ್ಕಡಿಯೇ ಗತಿ.

ನಮ್ಮ ಮನೆಯ ಲೆಕ್ಕ ಇದು: ಕೆನೆ ತೆಗೆಯದ ಹಾಲು 2 ಪಿಂಟ್, ಅಂದರೆ ಸುಮಾರು 1.1 ಲೀಟರ್, ಅಕ್ಕಿ 100 ಗ್ರಾಂ, ವೆಂಬ್ಲಿಯ ಈಲಿಂಗ್ ರೋಡಿನಲ್ಲಿ ಸಿಗುವ ಬೆಲ್ಲ 200 ಗ್ರಾಂ. ಸಕ್ಕರೆಯಾದರೆ ಇಷ್ಟು ಬೇಡ, 160 ಗ್ರಾಂ ಸಾಕು.

ಅಕ್ಕಿಯನ್ನು ತೊಳೆದು, ತುಪ್ಪದಲ್ಲಿ ಹುರಿದು, ಹಾಲಿನಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ. ಒಂದು ಅಗುಳನ್ನು ಚಮಚದಲ್ಲಿ ತೆಗೆದು ಹಿಸುಕಿದರೆ ನುಣ್ಣಗಾಗಬೇಕು (ರುಚಿ ನೋಡಬಾರದು ನಿಜ, ಹಿಸುಕಬಹುದಲ್ಲ!). ಇಲ್ಲಿ ಅವಸರ ಮಾಡಬೇಡಿ. ಸಿಹಿ ಬಿದ್ದ ಮೇಲೆ ಅಕ್ಕಿ ಮೆತ್ತಗಾಗಲು ಬಹಳ ಸತಾಯಿಸುತ್ತದೆ. ಬೆಲ್ಲವನ್ನು ಬೇರೆ ಪಾತ್ರೆಯಲ್ಲಿ ಅರ್ಧ ಲೋಟ ನೀರು ಹಾಕಿ ಕರಗಿಸಿ, ಸೋಸಿಡಿ. ಬೆಲ್ಲದ ಹುಳಿಯಂಶಕ್ಕೆ ಕುದಿಯುವ ಹಾಲು ಒಡೆಯುತ್ತದೆ. ಆದ್ದರಿಂದ ಒಲೆ ಆರಿಸಿ, ಎರಡೂ ಉಗುರುಬೆಚ್ಚಗಾದ ಮೇಲೆ ಬೆರೆಸಿ, ಮತ್ತೆ ಕುದಿಸಬೇಡಿ. ಏಲಕ್ಕಿ, ಗೋಡಂಬಿ, ದ್ರಾಕ್ಷಿ ನಿಮಗೆ ಗೊತ್ತಿದ್ದದ್ದೇ.

ಬಿಸಿ ಪಾಯಸ ನಾಲಿಗೆಗೆ ಹೆಚ್ಚು ಸಿಹಿ, ಆರಿದ್ದು ಕಡಿಮೆ. ಡಬ್ಬಿಯಲ್ಲಿ ತುಂಬಿ ಟ್ಯೂಬ್ ರೈಲಿನಲ್ಲಿ ತಂದ ಪಾಯಸ ಮಂಗಳಾರತಿ ಮುಗಿಯುವ ಹೊತ್ತಿಗೆ ತಣ್ಣಗಾಗಿ, ಗಟ್ಟಿಯೂ ಆಗಿರುತ್ತದೆ. ಬರೀ ಹಾಲು ಸುರಿದು ಸಡಿಲ ಮಾಡಿದರೆ ಸಿಹಿ ಇನ್ನೂ ಇಳಿಯುತ್ತದೆ. ಅದಕ್ಕೇ ಸೋಸಿದ ಬೆಲ್ಲದ ನೀರಿನಲ್ಲಿ ನಾಲ್ಕು ಚಮಚ ಮೊದಲೇ ತೆಗೆದಿಟ್ಟುಕೊಂಡು, ಬಡಿಸುವಾಗ ಹಾಲಿನ ಜೊತೆ ಬೆರೆಸಿ. ಅಷ್ಟು ಹೊತ್ತಿಗೆ ನೈವೇದ್ಯವೂ ಆಗಿರುತ್ತದೆ, ಧಾರಾಳವಾಗಿ ರುಚಿ ನೋಡಬಹುದು.