ಬೀಟಲ್ಸ್ ಕೈಬಿಟ್ಟ ಹಾಡುಗಳು

ಬೀಟಲ್ಸ್ ಹುಚ್ಚು ಹಿಡಿದವರಿಗೆಲ್ಲ ಒಂದು ಹಂತ ಬರುತ್ತದೆ. ಅಂಗಡಿಯಲ್ಲಿ ಸಿಗುವ ಹಾಡುಗಳೆಲ್ಲ ಬಾಯಿಪಾಠವಾಗಿ, ಸಿಗದ ಹಾಡುಗಳ ಬೆನ್ನು ಹತ್ತುವ ಹಂತ ಅದು. ಆ ನಾಲ್ವರು ಪ್ರಸಿದ್ಧರಾಗಿ ಒಟ್ಟಿಗೆ ರೆಕಾರ್ಡ್ ಮಾಡಿದ್ದು 1962ರಿಂದ 1970ರವರೆಗೆ ಮಾತ್ರ. ಆಗ ಹೊರಬಂದದ್ದನ್ನೆಲ್ಲ ಮನಸ್ಸು ಮಾಡಿದರೆ ಒಂದೇ ದಿನದಲ್ಲಿ ಕೇಳಿ ಮುಗಿಸಬಹುದು. ಆಮೇಲೇನು? ಬೆಂಗಳೂರಿನಲ್ಲಿ ಕ್ಯಾಸೆಟ್ ಕಾಲದಲ್ಲಿ ಈ ಹುಚ್ಚಿಗೆ ಸಿಕ್ಕಿದ ನಮ್ಮಂಥವರಿಗೆ ಗತಿಯೆಂದರೆ ಯಾರೋ ವಿದೇಶದಿಂದ ತಂದ, ಕೈಯಿಂದ ಕೈಗೆ ನಕಲಾಗುತ್ತ ಬಂದ ಕಳ್ಳ ಟೇಪುಗಳು. ಅವುಗಳಲ್ಲಿ ಹಾಡಿಗಿಂತ ಸುಯ್ ಎನ್ನುವ ಸದ್ದೇ ಜಾಸ್ತಿ. ಆದರೂ ಅದರೊಳಗೆ ಲೋಕಕ್ಕೆ ಗೊತ್ತಿಲ್ಲದ ಮಹಾಕೃತಿ ಅಡಗಿದೆಯೆಂದು ನಂಬಿ ಕಿವಿ ಕೊಡುತ್ತಿದ್ದೆವು.

1995-96ರಲ್ಲಿ 'ಆಂಥಾಲಜಿ'ಯ ಮೂರು ಸಂಪುಟಗಳು ಬಂದವು. ಆಮೇಲೆ ಕೆಲವು ಆಲ್ಬಮ್ಮುಗಳಿಗೆ ಒಂದೊಂದು ದಪ್ಪ ಪೆಟ್ಟಿಗೆ. ಕಳ್ಳ ಟೇಪುಗಳಲ್ಲಿ ಗೊಣಗುತ್ತಿದ್ದದ್ದೆಲ್ಲ ಈಗ ಶುಭ್ರವಾಗಿ ಕೇಳಿಸುತ್ತದೆ. ಎಲ್ಲವನ್ನೂ ಕೇಳಿದ ಮೇಲೆ ನನ್ನ ಅಭಿಪ್ರಾಯ ಒಂದು ಕಡೆ ಬಂದು ನಿಂತಿದೆ: ಅವರು ಕೈಬಿಟ್ಟದ್ದನ್ನು ಬಹುಪಾಲು ಸರಿಯಾಗಿಯೇ ಕೈಬಿಟ್ಟರು.

'ಹೆಲ್ಟರ್ ಸ್ಕೆಲ್ಟರ್' ಹಾಡನ್ನೇ ತೆಗೆದುಕೊಳ್ಳಿ. 1968ರ ಜುಲೈನಲ್ಲಿ ಅದನ್ನು ಇಪ್ಪತ್ತೇಳು ನಿಮಿಷ ಬಾರಿಸಿದರು ಎಂಬುದು ಅಭಿಮಾನಿಗಳ ನಡುವೆ ಪುರಾಣವೇ ಆಗಿತ್ತು. ನಾಲ್ಕೂವರೆ ನಿಮಿಷದ ಹಾಡೇ ಇಷ್ಟು ಉಗ್ರವಾಗಿದ್ದರೆ ಇಪ್ಪತ್ತೇಳು ನಿಮಿಷದ್ದು ಹೇಗಿರಬೇಡ! 2018ರಲ್ಲಿ ಅದೇ ದಿನದ ಇನ್ನೊಂದು ಟೇಕ್, ಸುಮಾರು ಹದಿಮೂರು ನಿಮಿಷದ್ದು, ಪೂರ್ತಿಯಾಗಿ ಹೊರಬಂತು. ಬಿರುಗಾಳಿಗೆ ಕಾದಿದ್ದವರಿಗೆ ಸಿಕ್ಕಿದ್ದು ತೂಕಡಿಸುತ್ತ ಸಾಗುವ ಬ್ಲೂಸ್. ಸೆಪ್ಟೆಂಬರಿನಲ್ಲಿ ಅವರು ಅದನ್ನು ಬದಿಗಿಟ್ಟು ಹೊಸದಾಗಿ ಬಾರಿಸಿದ್ದರಿಂದಲೇ ನಮಗೆ ಆ ಹಾಡು ದಕ್ಕಿತು. ಇಪ್ಪತ್ತೇಳು ನಿಮಿಷದ್ದು ಇನ್ನೂ ಉಗ್ರಾಣದಲ್ಲೇ ಇದೆ. ಅಲ್ಲಿರುವುದು ಎರಡರಷ್ಟು ತೂಕಡಿಕೆ ಎಂದು ನನ್ನ ಊಹೆ.

ಅದೇ ವರ್ಷ ಜಾರ್ಜ್ ಹ್ಯಾರಿಸನ್ನನ 'ನಾಟ್ ಗಿಲ್ಟಿ' ಹಾಡಿನ ಟೇಕುಗಳ ಲೆಕ್ಕ ನೂರು ದಾಟಿತು. ಆದರೂ ಆಲ್ಬಮ್ಮಿಗೆ ಸೇರಲಿಲ್ಲ. ಜಾರ್ಜನಿಗೆ ಅನ್ಯಾಯವಾಯಿತು ಎಂದು ನಾವೆಲ್ಲ ಹಲ್ಲು ಕಡಿದಿದ್ದೆವು. ಆದರೆ 1979ರ ತನ್ನ ಸ್ವಂತ ಆಲ್ಬಮ್ಮಿನಲ್ಲಿ ಅವನು ಅದನ್ನು ಮೆತ್ತಗೆ, ಯಾರ ಮೇಲೂ ಸಿಟ್ಟಿಲ್ಲದವನಂತೆ ಹಾಡಿದ್ದನ್ನು ಕೇಳಿ. 1968ರ ಬಿಗುಮಾನದ ಗಿಟಾರುಗಳ ನಡುವೆ ಆ ಹಾಡು ಉಸಿರಾಡುತ್ತಲೇ ಇರಲಿಲ್ಲ ಎಂದು ಗೊತ್ತಾಗುತ್ತದೆ. ಲೆನನ್ನನ 'ಚೈಲ್ಡ್ ಆಫ್ ನೇಚರ್' ಕಥೆಯೂ ಹೀಗೆಯೇ. ಋಷಿಕೇಶದ ವಾಸ್ತವ್ಯದಿಂದ ಹುಟ್ಟಿ, ಜಾರ್ಜನ ಎಷರ್ ಮನೆಯಲ್ಲಿ ಡೆಮೊ ಆಗಿ, ಅಲ್ಲಿಗೇ ನಿಂತ ಹಾಡು ಅದು. ರಾಗ ಅದ್ಭುತ, ಸಾಹಿತ್ಯ ಪ್ರವಾಸಿಯ ಡೈರಿಯಂತೆ ಪೇಲವ. 1971ರಲ್ಲಿ ಅದೇ ರಾಗಕ್ಕೆ ಬೇರೆ ಮಾತು ಕೂಡಿ 'ಜೆಲಸ್ ಗಯ್' ಆಯಿತು.

ಎರಡು ಕಡೆ ಮಾತ್ರ ನಾನು ಅವರನ್ನು ಒಪ್ಪುವುದಿಲ್ಲ. 1964ರ ಆಗಸ್ಟಿನಲ್ಲಿ ಲೆನನ್ ಗಂಟಲು ಹರಿಯುವಂತೆ ಹಾಡಿದ 'ಲೀವ್ ಮೈ ಕಿಟನ್ ಅಲೋನ್' ಮೂವತ್ತು ವರ್ಷ ಕೊಳೆಯಿತು. 'ಬೀಟಲ್ಸ್ ಫಾರ್ ಸೇಲ್' ಆಲ್ಬಮ್ಮಿನಲ್ಲಿ ಜಾಗ ಸಿಕ್ಕಿದ್ದು 'ಮಿಸ್ಟರ್ ಮೂನ್‌ಲೈಟ್'ಗೆ. ಎರಡೂ ಬೇರೆಯವರ ಹಾಡುಗಳೇ, ಆರಿಸುವ ಸ್ವಾತಂತ್ರ್ಯವಿತ್ತು. ಆ ಆರ್ಗನ್ ಸದ್ದು ಬಂದಾಗ ಇವತ್ತಿಗೂ ನನ್ನ ಕೈ ಮುಂದಿನ ಹಾಡಿನ ಗುಂಡಿಗೆ ಹೋಗುತ್ತದೆ. ಇನ್ನೊಂದು 'ಆಲ್ ಥಿಂಗ್ಸ್ ಮಸ್ಟ್ ಪಾಸ್'. 1969ರ ಜನವರಿಯಲ್ಲಿ ಜಾರ್ಜ್ ಅದನ್ನು ಉಳಿದವರ ಮುಂದಿಟ್ಟ, ತಾಲೀಮು ನಡೆಯಿತು, ಯಾರೂ ಮನಸ್ಸು ಕೊಡಲಿಲ್ಲ. ಫೆಬ್ರುವರಿ 25ರಂದು, ತನ್ನ ಹುಟ್ಟುಹಬ್ಬದ ದಿನ, ಅವನೊಬ್ಬನೇ ಸ್ಟುಡಿಯೋಗೆ ಹೋಗಿ ಡೆಮೊ ಮಾಡಿಟ್ಟ. ಅದು 'ಆಂಥಾಲಜಿ'ಯ ಮೂರನೇ ಸಂಪುಟದಲ್ಲಿದೆ. 1970ರಲ್ಲಿ ಅವನ ಮೂರು ಡಿಸ್ಕುಗಳ ಆಲ್ಬಮ್ಮಿಗೆ ಅದೇ ಹೆಸರಾಯಿತು. ಆದರೂ ಆ ದೊಡ್ಡ ವಾದ್ಯಮೇಳಕ್ಕಿಂತ ಒಂಟಿ ಡೆಮೊವೇ ನನಗೆ ಹೆಚ್ಚು.

ಹಾಗಾದರೆ ಈ ಅಪರೂಪದ ಟೇಪುಗಳಿಂದ ಸಿಕ್ಕಿದ್ದೇನು? ಹಾಡು ಆಗುವ ಬಗೆ. 'ಯೆಲ್ಲೋ ಸಬ್‌ಮರೀನ್' ಮಕ್ಕಳ ಹಾಡು, ಮೆಕಾರ್ಟ್ನಿಯ ಹಗುರು ಮನಸ್ಸಿನದು ಎಂದೇ ನಾನು ತಿಳಿದಿದ್ದೆ. 2022ರ 'ರಿವಾಲ್ವರ್' ಪೆಟ್ಟಿಗೆಯಲ್ಲಿ ಲೆನನ್ ಅದನ್ನು ಗಿಟಾರು ಹಿಡಿದು ಒಬ್ಬನೇ ಹಾಡುವ ತುಣುಕಿದೆ. ದಿಕ್ಕಿಲ್ಲದ ಹುಡುಗನೊಬ್ಬನ ಅಳಲಿನಂತಿದೆ. ಆ ದುಃಖದ ಮೇಲೆ ಗಂಟೆ, ಸೀಟಿ, ನೀರಿನ ಸದ್ದು ಹೇರಿ ಮಕ್ಕಳ ಕೈಗೆ ಕೊಟ್ಟರಲ್ಲ, ಆ ಜಾಣತನ ನನಗೆ ಮೊದಲು ಕಂಡಿರಲಿಲ್ಲ. ಅದೇ ಪೆಟ್ಟಿಗೆಯಲ್ಲಿ 'ರೇನ್' ಹಾಡಿನ ಹಿಮ್ಮೇಳ ಬಾರಿಸಿದ ಮೂಲ ವೇಗದಲ್ಲೇ ಇದೆ. ಅವರು ಸರಸರನೆ ಬಾರಿಸಿ, ಟೇಪನ್ನು ನಿಧಾನಕ್ಕೆ ಓಡಿಸಿದ್ದರು. ರಿಂಗೋನ ಡ್ರಮ್ ಹೊರಬಂದ ಹಾಡಿನಲ್ಲಿ ಅಷ್ಟು ಭಾರವಾಗಿ, ಒದ್ದೆಯಾಗಿ ಕೇಳುವುದು ಆ ಕಾರಣಕ್ಕೆ.

'ರೇನ್' ಮಾತ್ರ ಅಪರೂಪದ ಹಾಡೇನಲ್ಲ. 1966ರ 'ಪೇಪರ್‌ಬ್ಯಾಕ್ ರೈಟರ್' ರೆಕಾರ್ಡಿನ ಹಿಂಬದಿಯಲ್ಲಿ ಎಲ್ಲರಿಗೂ ಸಿಗುತ್ತಿತ್ತು. ಆಲ್ಬಮ್ಮಿಗೆ ಸೇರದ ಕಾರಣ ಕೇಳದೆ ಉಳಿದವರೇ ಬಹಳ. ಇಂಥವನ್ನು 1988ರ 'ಪಾಸ್ಟ್ ಮಾಸ್ಟರ್ಸ್' ಒಟ್ಟು ಹಾಕಿತು. ಅದರ ಎರಡನೇ ಸಂಪುಟದಲ್ಲಿ ನನಗೆ ಬಹಳ ಬೇಕಾದ ಎರಡು ಹಾಡುಗಳಿವೆ. ಎರಡರ ಕೆಲಸವೂ ನಡೆದದ್ದು ಋಷಿಕೇಶಕ್ಕೆ ಹೊರಡುವ ಮುಂಚಿನ ವಾರಗಳಲ್ಲಿ.

ಮೊದಲನೆಯದು 'ದಿ ಇನ್ನರ್ ಲೈಟ್'. 1968ರ ಜನವರಿಯಲ್ಲಿ ಜಾರ್ಜ್ 'ವಂಡರ್‌ವಾಲ್' ಚಿತ್ರದ ಸಂಗೀತಕ್ಕೆಂದು ಬಾಂಬೆಯ ಎಚ್‌ಎಂವಿ ಸ್ಟುಡಿಯೋಗೆ ಬಂದಿದ್ದ. ಶಿವಕುಮಾರ್ ಶರ್ಮಾ, ಆಶಿಷ್ ಖಾನ್ ಅವರಂಥ ಕಲಾವಿದರು ಆ ಚಿತ್ರಕ್ಕೆ ನುಡಿಸಿದರು. ಆ ದಿನಗಳಲ್ಲೇ ಈ ಹಾಡಿನ ವಾದ್ಯಭಾಗವೂ ಮುದ್ರಣವಾಯಿತು. ಸಾಹಿತ್ಯ ಲಾವೋತ್ಸೆಯ 'ದಾವ್ ದ ಜಿಂಗ್' ಆಧರಿಸಿದ್ದು, ಜಾರ್ಜ್ ಹಾಡಿದ್ದು ಲಂಡನ್ನಿಗೆ ಮರಳಿದ ಮೇಲೆ. ಹಿಂದುಸ್ತಾನಿ ಬೈಠಕ್ ಕೇಳಿ ಬೆಳೆದ ಕಿವಿಗೆ ಇದು ಎರಡೂವರೆ ನಿಮಿಷದ ಸಿನಿಮಾ ಹಾಡಿನಂತೆಯೇ ಕೇಳುತ್ತದೆ, ರಾಗವಿಸ್ತಾರ ಏನಿಲ್ಲ. ನನಗೆ ಅದೇ ಇಷ್ಟ. ಹಿಂದಿನ ವರ್ಷ 'ವಿದಿನ್ ಯು ವಿದೌಟ್ ಯು' ಹಾಡಿನಲ್ಲಿ ಜಾರ್ಜ್ ಪಾಠ ಒಪ್ಪಿಸುವ ಶಿಷ್ಯನಾಗಿದ್ದ, ಇಲ್ಲಿ ಹಾಡುಗಾರ. 2014ರಲ್ಲಿ 'ವಂಡರ್‌ವಾಲ್ ಮ್ಯೂಸಿಕ್' ಮರುಮುದ್ರಣವಾದಾಗ ಇದರ ಇನ್ನೊಂದು ವಾದ್ಯ ಟೇಕ್ ಸೇರಿತು. ಅಪರೂಪದ್ದರಲ್ಲಿ ನಾನು ಮತ್ತೆ ಮತ್ತೆ ಹಾಕಿಕೊಳ್ಳುವುದು ಅದೊಂದನ್ನು.

ಎರಡನೆಯದು 'ಅಕ್ರಾಸ್ ದಿ ಯೂನಿವರ್ಸ್'. ಫೆಬ್ರುವರಿ 4ರಂದು ಇದರ ಕೆಲಸ ಶುರುವಾಯಿತು. ಮೇಲಿನ ದನಿ ಬೇಕೆನಿಸಿ, ಅಬಿ ರೋಡ್ ಸ್ಟುಡಿಯೋದ ಹೊರಗೆ ಕಾಯುತ್ತಿದ್ದ ಇಬ್ಬರು ಅಭಿಮಾನಿ ಹುಡುಗಿಯರನ್ನೇ ಒಳಗೆ ಕರೆದು ಹಾಡಿಸಿದರು (ಆ ಸುದ್ದಿ ಓದಿದಾಗ ಆದ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ). ಆಮೇಲೆ ಈ ಹಾಡಿಗೆ ಶನಿ ಹಿಡಿಯಿತು. 1969ರ ಕೊನೆಯಲ್ಲಿ ವನ್ಯಜೀವಿ ನಿಧಿಯ ಸಹಾಯಾರ್ಥ ಆಲ್ಬಮ್ಮಿಗೆ ಕೊಡುವಾಗ ವೇಗ ಹೆಚ್ಚಿಸಿ ಹಕ್ಕಿಗಳ ಸದ್ದು ಸೇರಿಸಿದರು. 1970ರಲ್ಲಿ ಫಿಲ್ ಸ್ಪೆಕ್ಟರ್ ಅದನ್ನೇ ನಿಧಾನಗೊಳಿಸಿ ವಾದ್ಯವೃಂದವನ್ನೂ ಗಾಯಕವೃಂದವನ್ನೂ ಸುರಿದ. 2003ರ 'ಲೆಟ್ ಇಟ್ ಬಿ... ನೇಕೆಡ್' ಅದನ್ನೆಲ್ಲ ಕೆರೆದು ತೆಗೆಯಿತು. ಲೆನನ್ನನಿಗೆ ಕೊನೆಯವರೆಗೂ ಈ ರೆಕಾರ್ಡಿಂಗ್ ಸಮಾಧಾನ ತರಲಿಲ್ಲ. ನನ್ನ ಮತ 'ಆಂಥಾಲಜಿ'ಯ ಎರಡನೇ ಸಂಪುಟದಲ್ಲಿರುವ ಎರಡನೇ ಟೇಕಿಗೆ. ಅಲಂಕಾರವಿಲ್ಲ, ಉಸಿರು ಅಲ್ಲಲ್ಲಿ ಸಾಲದಾಗುತ್ತದೆ, ಪಲ್ಲವಿಯಲ್ಲಿ ಗುರುವಿಗೆ ಸಲ್ಲುವ ಸಂಸ್ಕೃತದ ನಮನ ಮಾತ್ರ ತುಂಬು ದನಿಯಲ್ಲಿ ಬರುತ್ತದೆ. ಇದೂ ಹಾಡಿನ ಪೂರ್ಣರೂಪವಲ್ಲ. ನಾಲ್ಕನ್ನೂ ಕೇಳಿ ಮನಸ್ಸಿನಲ್ಲೇ ಐದನೆಯದನ್ನು ಕಟ್ಟಿಕೊಳ್ಳಬೇಕು.

ಮೊನೊ-ಸ್ಟೀರಿಯೊ ಜಗಳಕ್ಕೆ ಇಳಿದರೆ ಪುಟ ಸಾಲದು. 'ಶಿ ಈಸ್ ಲೀವಿಂಗ್ ಹೋಮ್' ಮೊನೊದಲ್ಲೇ ಕೇಳಿ, ವೇಗ ಕೊಂಚ ಹೆಚ್ಚಿ ಕಣ್ಣೀರು ಕೊಂಚ ಕಡಿಮೆಯಾಗಿದೆ. ಅಷ್ಟು ಸಾಕು.

ಸಂಗ್ರಹಕಾರರ ದಾರಿಯೇ ಬೇರೆ. ಅರವತ್ತರ ದಶಕದಲ್ಲಿ ಭಾರತದಲ್ಲಿ ಬೀಟಲ್ಸ್ ಹಾಡುಗಳನ್ನು 78 ಆರ್‌ಪಿಎಂ ತಟ್ಟೆಗಳಲ್ಲೂ ಅಚ್ಚು ಹಾಕಿದ್ದರು, ಕೀಲಿ ಕೊಡುವ ಗ್ರಾಮೋಫೋನು ನಮ್ಮ ಮನೆಗಳಲ್ಲಿ ಇನ್ನೂ ತಿರುಗುತ್ತಿದ್ದ ಕಾಲ. ಆ ತಟ್ಟೆಗಳಿಗೆ ಈಗ ಹೊರದೇಶದವರು ಬಾಯಿ ಬಿಡುತ್ತಾರೆ. ಸಿಕ್ಕರೆ ಬೇಡವೆನ್ನಲಾರೆ, ಆದರೆ ಅದರೊಳಗಿರುವುದು ನನಗೆ ಬಾಯಿಪಾಠವಿರುವ ಹಾಡೇ.

2023ರ 'ನೌ ಅಂಡ್ ದೆನ್' ವಿಷಯದಲ್ಲಿ ನನ್ನದು ಅಲ್ಪಮತ. ಲೆನನ್ ಮನೆಯ ಪಿಯಾನೊ ಮುಂದೆ ಹಾಡಿಟ್ಟಿದ್ದ ಕ್ಯಾಸೆಟ್ಟಿನಿಂದ ದನಿಯನ್ನು ಬೇರ್ಪಡಿಸಿದ ತಂತ್ರಜ್ಞಾನಕ್ಕೆ ಶರಣು. ಆದರೆ ಮೂಲ ಟೇಪಿನಲ್ಲಿ ಹಾಡು ಹಠಾತ್ತನೆ ಬೇರೆ ಕಡೆ ಹೊರಳಿ ತಡವರಿಸುವ ಒಂದು ಭಾಗವಿತ್ತು. ಅದನ್ನು ಕತ್ತರಿಸಿದ್ದಾರೆ. ಕಳ್ಳ ಟೇಪಿನಲ್ಲಿ ಆ ಹೊರಳು ಕೇಳಿ ಅಭ್ಯಾಸವಾದ ನನಗೆ ಹೊಸ ಹಾಡಿನ ಮಧ್ಯೆ ಮೆಟ್ಟಿಲೊಂದು ತಪ್ಪಿದಂತಾಗುತ್ತದೆ.

ಉಳಿದಿರುವುದು 'ಕಾರ್ನಿವಲ್ ಆಫ್ ಲೈಟ್'. 1967ರ ಜನವರಿ 5ರಂದು ಲಂಡನ್ನಿನ ಒಂದು ದೀಪ-ಸದ್ದುಗಳ ಮೇಳಕ್ಕೆಂದು ಮಾಡಿದ ಹದಿನಾಲ್ಕು ನಿಮಿಷದ ಗದ್ದಲ. ಇನ್ನೂ ಹೊರಬಂದಿಲ್ಲ, ಬಿಡುಗಡೆಯಾಗಲಿ ಎಂದು ಮೆಕಾರ್ಟ್ನಿ ಹೇಳುತ್ತಲೇ ಇದ್ದಾರೆ. ಬಂದರೆ ಮೊದಲ ದಿನವೇ ಕೊಳ್ಳುತ್ತೇನೆ. ಎರಡನೇ ಸಲ ಕೇಳುವುದು ಅನುಮಾನ.